ಹಸಿರು ದಾರ, ನೀಲಿ ದಾರ

ನಮ್ಮೂರಿನಲ್ಲಿ ಯಾರ ಕಾಯಿಲೆಯನ್ನೂ ಬರೆದಿಡಲು ಆಗುವುದಿಲ್ಲ. ಪೆನ್ನಿನಲ್ಲಿ ಬರೆದರೂ ಅಷ್ಟೆ, ಟೈಪ್ ಮಾಡಿದರೂ ಅಷ್ಟೆ, ಮರುದಿನ ಬೆಳಿಗ್ಗೆ ಹಾಳೆ ಬೆಳ್ಳಗಾಗಿರುತ್ತದೆ. ಫೋಟೋ ತೆಗೆದರೆ ಬೂದಿ ಬಣ್ಣದ ಚೌಕ ಮಾತ್ರ ಉಳಿಯುತ್ತದೆ. ಮದುವೆ ಕಾಗದ, ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ, ಇವೆಲ್ಲ ನಿಲ್ಲುತ್ತವೆ. ಮೈಗೆ ಬಂದದ್ದು ಮಾತ್ರ, ನೆಗಡಿಯಿಂದ ಹಿಡಿದು ಕ್ಯಾನ್ಸರಿನವರೆಗೆ, ನಿಲ್ಲುವುದಿಲ್ಲ. ಶಾಲೆಗೆ ಜ್ವರದ ರಜಾ ಅರ್ಜಿ ಕೊಟ್ಟರೆ ಮೇಷ್ಟ್ರು ಆ ದಿನವೇ ಓದಿಕೊಳ್ಳಬೇಕು. ಮರುದಿನಕ್ಕೆ ‘ಮಾನ್ಯರೇ’ ಮತ್ತು ‘ಇಂತಿ ತಮ್ಮ ವಿಧೇಯ’ ಎರಡೇ ಉಳಿದಿರುತ್ತವೆ. ನಮ್ಮ ಆಸ್ಪತ್ರೆಯಲ್ಲಿ ಫೈಲು ಇಡುವ ಕಪಾಟೇ ಇಲ್ಲ.

ಬರೆದಿಡಲು ಆಗದ ಮೇಲೆ ಬಾಯಲ್ಲೇ ಹೇಳಬೇಕು. ಯಾರು ಹೇಳಬೇಕು ಎನ್ನುವುದಕ್ಕೂ ಊರಿನಲ್ಲೊಂದು ಕಟ್ಟಳೆಯಿದೆ. ಕಂಡವರೇ ಹೇಳಬೇಕು. ರಕ್ತ ನೋಡಿದವಳು ರಕ್ತದ ಸುದ್ದಿ ಹೇಳಬೇಕು, ಎಕ್ಸ್‌ರೇ ನೋಡಿದವನು ಮೂಳೆಯ ಸುದ್ದಿ ಹೇಳಬೇಕು. ಹೊತ್ತು ಮುಳುಗುವುದರೊಳಗೆ, ಆ ಮನೆಗೇ ಹೋಗಿ, ಬರಿಗಾಲಲ್ಲಿ ನಡೆದು ಹೋಗಿ ಹೇಳಬೇಕು. ಅದಕ್ಕೇ ನಮ್ಮೂರಿನವರು ನನ್ನನ್ನು ಕಂಡರೆ ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಚಪ್ಪಲಿ ಇದ್ದರೆ “ಏನ್ ಚೂಡಕ್ಕ, ಸೊಪ್ಪು ತಗೊಂಡ್ರಾ?” ಅನ್ನುತ್ತಾರೆ. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಕೈ ಹಗ್ಗದ ಮೇಲೇ ಉಳಿಯುತ್ತದೆ. ನಾನು ಅವರ ಮನೆ ದಾಟಿ ಮುಂದೆ ಹೋದ ಮೇಲೆ ಬಕೆಟ್ಟು ನೆಲಕ್ಕಿಟ್ಟ ಸದ್ದು ಕೇಳುತ್ತದೆ. ಇಪ್ಪತ್ತಾರು ವರ್ಷ ಈ ಸದ್ದುಗಳನ್ನು ಕೇಳಿಕೊಂಡೇ ನಡೆದಿದ್ದೇನೆ.

ನನ್ನ ಹೆಸರು ಚೂಡಾಮಣಿ. ಆಸ್ಪತ್ರೆಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ನನ್ನ ಕೆಲಸ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಬರುವುದುಂಟು. ಅದರಲ್ಲಿ ಒಂದು ಬಗೆ ಜಗಲಿ ಮೇಲೆ ಮಲಗಿದ ಮುದಿ ನಾಯಿಯ ಹಾಗೆ. ಅದರ ಪಾಡಿಗೆ ಬಿಟ್ಟು ಆಗಾಗ ನೋಡುತ್ತಿದ್ದರೆ ಸಾಕು, ಮನುಷ್ಯ ಬೇರೆ ಯಾವುದರಿಂದಲೋ ಸಾಯುವವರೆಗೂ ಅದು ಏಳುವುದಿಲ್ಲ. ಇನ್ನೊಂದು ಬಗೆ ಎದ್ದು ಹೋಗಿ ಮೂಳೆ ಹಿಡಿಯುತ್ತದೆ. ಶುರುವಿನಲ್ಲಿ ಸಾಧಾರಣ ಮೈಕ್ರೋಸ್ಕೋಪಿಗೆ ಎರಡೂ ಒಂದೇ ಥರ ಕಾಣಬಹುದು. ಆಗ ಜೀವಕೋಶದ ಒಳಗಿನ ವರ್ಣತಂತುಗಳನ್ನೇ ನೋಡಬೇಕಾಗುತ್ತದೆ. ಹತ್ತನೆಯ ವರ್ಣತಂತುವಿನಲ್ಲಿ ಒಂದು ತುಣುಕಿದೆ. ಕೋಶ ಅಡ್ಡಾದಿಡ್ಡಿ ಬೆಳೆಯದ ಹಾಗೆ ಲಗಾಮು ಹಿಡಿಯುವುದು ಅದು. ಆ ತುಣುಕಿಗೆ ಅಂಟುವ ಕೆಂಪು ಬಣ್ಣ, ತಂತುವಿನ ನಡುವಿಗೆ ಅಂಟುವ ಹಸಿರು ಬಣ್ಣ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಮರುದಿನ ಕತ್ತಲೆಯಲ್ಲಿ ನೋಡಿದರೆ ಕೋಶ ಕೋಶದಲ್ಲೂ ಚುಕ್ಕೆಗಳು ಹೊಳೆಯುತ್ತವೆ. ಎರಡು ಹಸಿರು, ಎರಡು ಕೆಂಪು ಇದ್ದರೆ ಸರಿ. ಎರಡು ಹಸಿರಿಗೆ ಒಂದೇ ಕೆಂಪು ಇದ್ದರೆ ತುಣುಕು ಕಳೆದುಹೋಗಿದೆ ಎಂದರ್ಥ. ಗ್ರಂಥಿಯ ತುಂಡನ್ನು ತೆಳ್ಳಗೆ ಕೊಯ್ಯುವಾಗಲೇ ಕೆಲವು ಚುಕ್ಕೆ ಕತ್ತರಿಸಿಹೋಗಿರುತ್ತವೆ. ಹಾಗಾಗಿ ನೂರು ಕೋಶದಲ್ಲಿ ಹತ್ತಕ್ಕೋ ಹದಿನೈದಕ್ಕೋ ನಾವು ಹೆದರುವುದಿಲ್ಲ. ಅರ್ಧ ದಾಟಿದರೆ ಹೆದರಲೇಬೇಕು. ಆ ಕತ್ತಲೆಯಲ್ಲಿ ಲೆಕ್ಕ ಬರೆದುಕೊಳ್ಳಲು ಆಗುವುದಿಲ್ಲವಲ್ಲ, ಸರಿಯಿದ್ದವಕ್ಕೊಂದು, ತುಣುಕು ಕಳೆದವಕ್ಕೊಂದು ಎಂದು ಎರಡು ಬಟ್ಟಲಿಟ್ಟುಕೊಂಡು ಕೋಶಕ್ಕೊಂದು ಹುಣಸೆ ಬೀಜ ಹಾಕುತ್ತೇನೆ.

ಸ್ಲೈಡಿನ ಮೇಲೆ ಹೆಸರು ಬರೆದರೂ ಅಳಿಸಿಹೋಗುವುದರಿಂದ ನಮ್ಮಲ್ಲಿ ದಾರದ ಪದ್ಧತಿ. ಬಯಾಪ್ಸಿ ತೆಗೆದ ದಿನ ಡಾಕ್ಟರು ರೋಗಿಯ ಮಣಿಕಟ್ಟಿಗೆ ಒಂದು ಬಣ್ಣದ ದಾರ ಕಟ್ಟುತ್ತಾರೆ. ಅದೇ ಬಣ್ಣದ ದಾರವನ್ನು ಗ್ರಂಥಿಯಿಂದ ತೆಗೆದು ಮೇಣದಲ್ಲಿ ಹುದುಗಿಸಿದ ತುಂಡಿಗೂ ಕಟ್ಟುತ್ತಾರೆ. ಆ ತುಂಡಿನಿಂದ ಕೊಯ್ದು ಸ್ಲೈಡು ಮಾಡಿ, ಅದಕ್ಕೆ ಅದೇ ಬಣ್ಣದ ದಾರ ಸುತ್ತುವುದು ನನ್ನ ಕೆಲಸ.

ಆ ವಾರ ಇಬ್ಬರು ಬಂದಿದ್ದರು. ಒಬ್ಬರು ಕ್ಲಾರಿಯೋನೆಟ್ ತಿಮ್ಮೇಶಣ್ಣ. ಅರವತ್ತೊಂದು ವರ್ಷ, ಊರಿನ ಬ್ಯಾಂಡ್‌ಸೆಟ್ಟಿನ ಮುಂದಾಳು. ನಮ್ಮೂರಿನಲ್ಲಿ ಮದುವೆಯಾದ ಯಾರನ್ನು ಕೇಳಿದರೂ ತಾಳಿ ಕಟ್ಟಿದ ಹೊತ್ತಿಗೆ ಅವರು ಏನು ನುಡಿಸುತ್ತಿದ್ದರೆಂದು ಹೇಳುತ್ತಾರೆ. ಅವರಿಗೆ ಹಸಿರು ದಾರ. ಇನ್ನೊಬ್ಬರು ಎಣ್ಣೆ ಗಾಣದ ಗುರುಶಾಂತಪ್ಪ. ಅರವತ್ತೆಂಟು ವರ್ಷ, ದೊಡ್ಡ ದನಿ, ಯಾರ ಮೇಲಾದರೂ ರೇಗದೆ ಮಧ್ಯಾಹ್ನದ ಊಟ ಮಾಡಿದವರಲ್ಲ. ಅವರಿಗೆ ನೀಲಿ ದಾರ.

ಇಬ್ಬರ ಸ್ಲೈಡುಗಳನ್ನೂ ಒಂದೇ ದಿನ ನೋಡಿದೆ. ಬಣ್ಣ ತೊಳೆಯುವ ನೀರಿನಲ್ಲಿ ದಾರಗಳೆರಡೂ ನೆನೆದು ಕಳಚಿಕೊಂಡವು. ದೀಪ ಹಾಕಿದರೆ ಚುಕ್ಕೆಗಳ ಹೊಳಪು ಮಾಸುತ್ತದೆ ಎಂದು ಮೂಲೆಯ ಸಣ್ಣ ಮಂಕು ಬಲ್ಬಿನ ಬೆಳಕಿನಲ್ಲೇ ಎತ್ತಿಕೊಂಡು, ಎಡಗಡೆಯ ಸ್ಲೈಡಿಗೆ ಹಸಿರು, ಬಲಗಡೆಯದಕ್ಕೆ ನೀಲಿ ಎಂದು ಮತ್ತೆ ಸುತ್ತಿದೆ. ಹೀಗೆ ಎಷ್ಟೋ ಸಲ ಸುತ್ತಿದ್ದೇನೆ, ಯೋಚನೆ ಕೂಡ ಮಾಡಲಿಲ್ಲ. ನೀಲಿ ದಾರದ ಸ್ಲೈಡಿನಲ್ಲಿ ನೂರಕ್ಕೆ ಒಂಬತ್ತು. ಹಸಿರು ದಾರದ್ದರಲ್ಲಿ ಅರವತ್ತಮೂರು.

ಗುರುಶಾಂತಪ್ಪನವರ ಮನೆಗೆ ಮೊದಲು ಹೋದೆ. “ಸದ್ಯಕ್ಕೆ ಭಯ ಇಲ್ಲ ಯಜಮಾನ್ರೇ. ಕೆಟ್ಟ ಜಾತಿಯದಲ್ಲ. ಆರು ತಿಂಗಳಿಗೊಮ್ಮೆ ತೋರಿಸಿಕೊಂಡ್ರೆ ಸಾಕು” ಎಂದೆ. ಅವರು ಗಾಣದ ಮನೆಯಿಡೀ ಕೇಳುವ ಹಾಗೆ ನಕ್ಕು ನನಗೆ ಒಂದು ಉಂಡೆ ಬೆಲ್ಲ ಕೊಟ್ಟರು.

ಅಲ್ಲಿಂದ ತಿಮ್ಮೇಶಣ್ಣನ ಮನೆ ಎರಡು ಬೀದಿ. ಅವರು ಜಗಲಿಯಲ್ಲಿ ಕೂತು ವಾದ್ಯದ ಬಾಯಿಗೆ ನಾದ ಹೊರಡಿಸುವ ಜೊಂಡಿನ ಹೊಸ ಸೀಳು ಕಟ್ಟುತ್ತಿದ್ದರು. ನನ್ನ ಕಾಲು ನೋಡಿ ಕೆಲಸ ನಿಲ್ಲಿಸಿ, “ಪುಷ್ಪಾ, ಹೊರಗೆ ಬಾ” ಎಂದು ಹೆಂಡತಿಯನ್ನು ಕರೆದರು. ನಾನು ಕಂಡದ್ದನ್ನು ಹೇಳಿದೆ. ತುಣುಕು ಕಳೆದಿದೆ, ಸುಮ್ಮನೆ ಕಾಯುವ ಹಾಗಿಲ್ಲ, ಗ್ರಂಥಿ ತೆಗೆಸಬೇಕಾಗುತ್ತದೆ, ಮುಂದಿನದನ್ನು ಡಾಕ್ಟರು ಹೇಳುತ್ತಾರೆ ಎಂದೆ. ಪುಷ್ಪವಲ್ಲಿ ಗೋಡೆಗೆ ಒರಗಿದರು. ತಿಮ್ಮೇಶಣ್ಣ ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

“ಅದನ್ನ ತೆಗೆದ ಮೇಲೆ ಉಚ್ಚೆ ಹಿಡಿಯಕ್ಕಾಗಲ್ವಂತಲ್ಲಮ್ಮ, ನಿಜವಾ?”

“ಕೆಲವರಿಗೆ ಸ್ವಲ್ಪ ದಿನ. ಕೆಲವರಿಗೆ ಹೆಚ್ಚು ದಿನ. ಕೆಮ್ಮಿದಾಗ, ಭಾರ ಎತ್ತಿದಾಗ...”

“ಊದಿದಾಗ?” ಎಂದರು.

ನಾನು ಕಂಡದ್ದು ಚುಕ್ಕೆಗಳನ್ನು ಮಾತ್ರ. ಆದರೆ ಕ್ಲಾರಿಯೋನೆಟ್ಟಿನ ಉಸಿರು ಎಲ್ಲಿಂದ ಬರುತ್ತದೆಂದು ನೋಡಿದವರಿಗೆಲ್ಲ ಗೊತ್ತು. ಹೊಕ್ಕುಳ ಕೆಳಗಿನಿಂದ ಒತ್ತಿ ಒತ್ತಿ ಮೇಲೆ ತರುವ ಉಸಿರು ಅದು. ಅವರು ಕೈಯಲ್ಲಿದ್ದ ಸೀಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಆಪರೇಷನ್ನಿಗೆ ಎರಡು ವಾರ ಬಿಟ್ಟು ಬರುವ ಗುರುವಾರ ಎಂದು ನಿಶ್ಚಯವಾಯಿತು.

ಇದಾಗಿ ಹನ್ನೊಂದು ದಿನಕ್ಕೆ, ಭಾನುವಾರ ಬೆಳಿಗ್ಗೆ, ಆಸ್ಪತ್ರೆಯ ದಾರ ಮುಗಿದಿದೆಯೆಂದು ಪೇಟೆಯ ದಾರದ ಅಂಗಡಿಗೆ ಹೋದೆ. ಉಂಡೆಗಳನ್ನು ಆರಿಸಿ ಗಲ್ಲಾದ ಮೇಲಿಟ್ಟು, “ಕೆಂಪು ಎರಡು, ಹಳದಿ ಎರಡು, ಹಸಿರು ಎರಡು, ಬಿಳಿ ಒಂದು” ಎಂದೆ. ಅಂಗಡಿಯ ಸುಬ್ಬಣ್ಣಶೆಟ್ಟರು ಉಂಡೆಗಳನ್ನು ಚೀಲಕ್ಕೆ ಹಾಕುತ್ತಾ, “ಹಸಿರೆಲ್ಲಿ ತಗೊಂಡ್ರಿ ತಾಯಿ? ಇದು ನೀಲಿ” ಎಂದರು. ನಾನು ನಕ್ಕು, “ಹಸಿರೇ ಶೆಟ್ರೇ” ಎಂದೆ. ಅವರು ನಗಲಿಲ್ಲ. ಉಂಡೆಯನ್ನು ಹಿಡಿದುಕೊಂಡು ಬಾಗಿಲ ಬಿಸಿಲಿಗೆ ಹೋದರು. ನಾನೂ ಹೋದೆ. ಬಿಸಿಲಿನಲ್ಲಿ ಅದು ನೀಲಿಯಾಗಿತ್ತು. ಒಳಗೆ ತಂದರೆ ನನ್ನ ಕಣ್ಣಿಗೆ ಮತ್ತೆ ಹಸಿರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಒಂದು ವರ್ಷದಿಂದ ನನ್ನ ಕಣ್ಣು ಮೊದಲಿನ ಹಾಗಿರಲಿಲ್ಲ. ಎಲ್ಲದರ ಮೇಲೂ ಚಹಾ ಚೆಲ್ಲಿದ ಹಾಗೆ ತೆಳು ಹಳದಿ. ಕತ್ತಲೆಯಲ್ಲಿ ತಾವಾಗೇ ಹೊಳೆಯುವ ಚುಕ್ಕೆಗಳು ಸರಿಯಾಗೇ ಕಾಣುತ್ತಿದ್ದವು. ಹಾಗಾಗಿ ನನಗೆ ನಾನೇ ಸಮಾಧಾನ ಹೇಳಿಕೊಂಡು ಯಾರಿಗೂ ತಿಳಿಸಿರಲಿಲ್ಲ. ಕಣ್ಣು ಹೋದರೆ ಕೋಣೆ ಹೋಗುತ್ತದೆ. ಐವತ್ತೆರಡನೆಯ ವಯಸ್ಸಿಗೆ ಆ ಕೋಣೆ ಬಿಟ್ಟರೆ ನನಗೆ ಬೇರೆ ಬದುಕು ಗೊತ್ತಿರಲಿಲ್ಲ. ಆದರೆ ದಾರಗಳನ್ನು ನಾನು ಸುತ್ತಿದ್ದು ಹೊಳೆಯುವ ಚುಕ್ಕೆಗಳ ಬೆಳಕಿನಲ್ಲಲ್ಲ. ಮಂಕು ಬಲ್ಬಿನ ಬೆಳಕಿನಲ್ಲಿ. ನೀಲಿ ಯಾವುದು, ಹಸಿರು ಯಾವುದು? ಅರವತ್ತಮೂರು ಗುರುಶಾಂತಪ್ಪನವರದಾಗಿದ್ದರೆ? ತೆಗೆಯಬೇಕಾದದ್ದನ್ನು ಒಳಗೇ ಇಟ್ಟುಕೊಂಡು ಅವರು ನಗುತ್ತಾ ಗಾಣ ತಿರುಗಿಸುತ್ತಿದ್ದಾರೆ. ತೆಗೆಯಬೇಕಿಲ್ಲದ್ದನ್ನು ಇನ್ನು ನಾಲ್ಕು ದಿನಕ್ಕೆ ತಿಮ್ಮೇಶಣ್ಣನಿಂದ ತೆಗೆಯುತ್ತಾರೆ.

ನೇರ ಡಾಕ್ಟರ ಮನೆಗೆ ಹೋದೆ. ಡಾಕ್ಟರ್ ಗುಲ್ನಾರ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಗಿಡಗಳಿಗೆ ನೀರು ಹಾಕುತ್ತಿದ್ದರು. ಎಲ್ಲ ಹೇಳಿದೆ. ಕಣ್ಣಿನ ವಿಷಯವನ್ನೂ ಹೇಳಿದೆ. ಅವರು ಕೊಳವೆ ಕೆಳಗೆ ಬಿಟ್ಟರು. ನೀರು ಅಂಗಳದ ತುಂಬ ಹರಿಯಿತು, ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

“ಒಂದು ವರ್ಷದಿಂದ ಅಂತೀರಲ್ಲ ಚೂಡಾಮಣಿಯವ್ರೇ” ಎಂದರು.

“ಹೌದು ಮೇಡಂ.”

“ಒಂದು ವರ್ಷದಲ್ಲಿ ದಾರ ಕಳಚಿದ್ದು ಎಷ್ಟು ಸಲ?”

“ಎರಡು ದಾರ ಒಟ್ಟಿಗೆ ಕಳಚಿದ್ದು ಇದೊಂದೇ ಸಲ. ಬೇರೆ ಯಾವಾಗಲೂ ಒಂದು ದಿನಕ್ಕೆ ಒಂದೇ ಸ್ಲೈಡು ನೋಡಿದ್ದು. ಬೇಕಾದ್ರೆ ದೇವರ ಮುಂದೆ ಹೇಳ್ತೀನಿ.”

ಅವರು ಲೆಕ್ಕ ಹಾಕಿದರು. ಹಳೆಯ ಸ್ಲೈಡುಗಳ ಹೊಳಪು ಆಗಲೇ ಮಾಸಿರುತ್ತದೆ, ಓದಲಾಗುವುದಿಲ್ಲ. ಆದರೆ ಮೇಣದ ತುಂಡುಗಳಿವೆ. ಅವಕ್ಕೆ ದಾರ ಕಟ್ಟಿದ್ದು ಡಾಕ್ಟರೇ, ಕಿಟಕಿಯ ಬೆಳಕಿನಲ್ಲಿ. ಮತ್ತೆ ಕೊಯ್ದು ಬಣ್ಣ ಹಾಕಿದರೆ ಬುಧವಾರ ಮಧ್ಯಾಹ್ನಕ್ಕೆ ಗೊತ್ತಾಗುತ್ತದೆ. ಆಪರೇಷನ್ ಗುರುವಾರ ಬೆಳಿಗ್ಗೆ.

“ಅಲ್ಲಿವರೆಗೆ ಯಾರಿಗೂ ಏನೂ ಹೇಳೋದು ಬೇಡ” ಎಂದರು ಡಾಕ್ಟರ್. “ನೀವು ಏನನ್ನೂ ಕಂಡಿಲ್ಲ. ಅನುಮಾನವನ್ನ ಒಯ್ದು ಕೊಡೋ ಪದ್ಧತಿ ಈ ಊರಲ್ಲಿಲ್ಲ.”

ಅವರ ಮಾತು ಸರಿಯೇ ಇತ್ತು. ಮನೆಗೆ ಬಂದು ಅನ್ನಕ್ಕಿಟ್ಟೆ. ಅನ್ನ ಸೀದ ವಾಸನೆ ಬಂದಾಗಲೇ ಎಚ್ಚರವಾದದ್ದು. ಮೂರು ದಿನ ಆ ಇಬ್ಬರೂ ಸುಳ್ಳನ್ನೇ ನಂಬಿಕೊಂಡು ಉಣ್ಣುತ್ತಾರೆ, ಮಲಗುತ್ತಾರೆ, ಅದು ಸುಳ್ಳಿರಬಹುದೆಂದು ನನಗೂ ಡಾಕ್ಟರಿಗೂ ಮಾತ್ರ ಗೊತ್ತು. ಸೋಮವಾರ ತುಂಡುಗಳನ್ನು ಕೊಯ್ಯಲು ಡಾಕ್ಟರೇ ಯಂತ್ರದ ಮುಂದೆ ಕೂತರು. ಅಂದು ಮಧ್ಯಾಹ್ನ ತಿಮ್ಮೇಶಣ್ಣನ ಬ್ಯಾಂಡ್‌ಸೆಟ್ಟಿನ ಡೋಲಿನವನು ಆಸ್ಪತ್ರೆಗೆ ಗಂಟಲು ತೋರಿಸಲು ಬಂದಿದ್ದ. ತಿಮ್ಮೇಶಣ್ಣ ತಮ್ಮ ಕ್ಲಾರಿಯೋನೆಟ್ಟನ್ನು ಪಕ್ಕದೂರಿನ ಯಾರಿಗೋ ಕೊಟ್ಟುಬಿಡುತ್ತಾರಂತೆ, ಬುಧವಾರ ಬಂದು ಒಯ್ಯುತ್ತಾರಂತೆ ಎಂದು ಹೇಳಿದ. ಇನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

ಸಂಜೆ ಹೊರಟೆ. ಗೇಟಿನ ಹತ್ತಿರ ನಿಂತು ಚಪ್ಪಲಿಯ ಕಡೆ ನೋಡಿದೆ. ಹಾಕಿಕೊಂಡು ಹೋದರೆ ಸುದ್ದಿಯಿಲ್ಲ ಎಂದರ್ಥ, ಬಿಟ್ಟು ಹೋದರೆ ಕಂಡಿದ್ದೇನೆ ಎಂದರ್ಥ. ನನ್ನ ಹತ್ತಿರ ಇದ್ದದ್ದು ಎರಡೂ ಅಲ್ಲ. ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೆ. ಬೀದಿಯ ಜನಕ್ಕೆ ಅದರ ಅರ್ಥವೇ ಆಗಲಿಲ್ಲ. ಕಾಲು ನೋಡಿ ಸರಿದವರು ಕೈ ನೋಡಿ ಮತ್ತೆ ಬಾಗಿಲಿಗೆ ಬಂದರು. ಒಬ್ಬ ಅಜ್ಜಿ, “ಏನ್ ಮಗಾ, ಕಿತ್ತೋಯ್ತಾ?” ಎಂದು ಕೇಳಿದಳು.

ತಿಮ್ಮೇಶಣ್ಣನ ಜಗಲಿಯಲ್ಲಿ ನಿಂತೇ ಹೇಳಿದೆ. “ಅಣ್ಣ, ನಾನು ಹೇಳಿದ್ದು ನಿಮ್ಮದಲ್ಲದೆಯೂ ಇರಬಹುದು. ದಾರ ಅದಲುಬದಲಾಗಿರಬಹುದು. ಬುಧವಾರ ಗೊತ್ತಾಗುತ್ತೆ. ಅಲ್ಲಿವರೆಗೆ ವಾದ್ಯ ಯಾರಿಗೂ ಕೊಡಬೇಡಿ.”

ಅವರು ತಲೆಯೆತ್ತಿದರು. ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದರ ಜಾಗದಲ್ಲಿ ಆಸೆ ಬಂತು. ಅದನ್ನು ನೋಡಿದ ಕೂಡಲೇ ನಾನು ತಪ್ಪು ಮಾಡಿದೆ ಎನ್ನಿಸಿತು. ಹನ್ನೆರಡು ದಿನ ಕಷ್ಟಪಟ್ಟು ಕಟ್ಟಿಕೊಂಡಿದ್ದ ಧೈರ್ಯವನ್ನೆಲ್ಲ ಅವರು ಒಂದೇ ಗಳಿಗೆಯಲ್ಲಿ ಬಿಚ್ಚಿಹಾಕಿದ್ದರು.

“ಪುಷ್ಪಾ, ನನ್ನದಲ್ವಂತೆ ಕಣೇ” ಎಂದು ಕೂಗಿದರು.

“ಹಾಗಲ್ಲ ಅಣ್ಣ, ಗೊತ್ತಿಲ್ಲ ಅಂದೆ.”

ಪುಷ್ಪವಲ್ಲಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಗಂಡನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದರು. “ಇವ್ರದಲ್ಲ ಅಂದ್ರೆ ಇನ್ನೊಬ್ರದು, ಅಲ್ವಾ?” ಎಂದು ಮೆಲ್ಲಗೆ ಕೇಳಿದರು. “ಯಾರದ್ದು ಅಂತ ಹೇಳ್ಬೇಡಿ. ಹೇಳಿದ್ರೆ ಅವರಿಗೆ ಕೆಟ್ಟದಾಗ್ಲಿ ಅಂತ ನಾನು ದೇವರನ್ನ ಬೇಡ್ಕೊಂಡ್ಬಿಡ್ತೀನಿ.”

ಗುರುಶಾಂತಪ್ಪನವರ ಮನೆಗೂ ಹೋಗಲೇಬೇಕಿತ್ತು. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ರೇಗುತ್ತಾರೆಂದು ಕಾದೆ. ರೇಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ಎಣ್ಣೆ ಡಬ್ಬದ ಮೇಲೆ ಕೂತು, “ನಾನು ಮೊಮ್ಮಗಳಿಗೆ ಎತ್ತಿನಗಾಡಿ ಹೊಡೆಯೋದು ಕಲಿಸ್ತೀನಿ ಅಂದುಬಿಟ್ಟಿದ್ದೀನಲ್ಲಮ್ಮಾ” ಎಂದರು. ಆ ದನಿ ನನಗೆ ಗುರುತೇ ಸಿಗಲಿಲ್ಲ. ಅವರು ರೇಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಡಾಕ್ಟರಿಗೆ ಸುದ್ದಿ ಮುಟ್ಟಿತು. ಮಂಗಳವಾರ ಮಧ್ಯಾಹ್ನ, ಬಣ್ಣ ಹಾಕುವಾಗ, “ಅವರಿಬ್ಬರಿಗೂ ಈಗ ಎರಡೆರಡು ಕಾಯಿಲೆ. ಒಂದು ಮೈಯಲ್ಲಿ, ಒಂದು ನೀವು ಕೊಟ್ಟದ್ದು” ಎಂದರು. ನಾನು ಒಪ್ಪಿಕೊಂಡೆ. ಈಗಲೂ ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ಸೋಮವಾರ ಮತ್ತೆ ಬಂದರೆ ಗೇಟಿನವರೆಗಂತೂ ಹೋಗಿಯೇ ಹೋಗುತ್ತೇನೆ.

ಮಂಗಳವಾರ ಸಂಜೆ ತಿಮ್ಮೇಶಣ್ಣನ ಮನೆಯಿಂದ ಕ್ಲಾರಿಯೋನೆಟ್ ಕೇಳಿಸಿತು. ಹನ್ನೆರಡು ದಿನ ಸುಮ್ಮನಿದ್ದ ವಾದ್ಯ. ಬೀದಿಯವರೆಲ್ಲ ಹೊರಗೆ ಬಂದು ಕೂತರಂತೆ. ಮೂರು ಬೀದಿ ಆಚೆ ನನ್ನ ಮನೆಯವರೆಗೂ ಅದು ಬಂತು. ನಾನು ಕಿಟಕಿ ಮುಚ್ಚಿದೆ.

ಬುಧವಾರ ಡಾಕ್ಟರ್ ಮೊದಲು ಎಣಿಸುವುದು, ಆಮೇಲೆ ನಾನು ಎಂದು ಮಾತಾಗಿತ್ತು. ದಾರಗಳನ್ನು ಡಾಕ್ಟರೇ ಕಟ್ಟಿ, ಬಿಸಿಲಿನಲ್ಲಿ ನೋಡಿ, ನರ್ಸಿಗೂ ತೋರಿಸಿ ತಂದಿದ್ದರು. ಕತ್ತಲೆ ಕೋಣೆಯಲ್ಲಿ ಅವರು ಕೂತರು. ನಾನು ಹಿಂದೆ ನಿಂತೆ. ಬಟ್ಟಲಿಗೆ ಬೀಜ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾವ ಬಟ್ಟಲಿಗೆ ಬೀಳುತ್ತಿದೆ ಎಂದು ಕತ್ತಲೆಯಲ್ಲಿ ನನಗೆ ಕಾಣುತ್ತಿರಲಿಲ್ಲ. ಎಡಗಡೆಯ ಬಟ್ಟಲು ಹಿತ್ತಾಳೆಯದು, ಬಲಗಡೆಯದು ಪಿಂಗಾಣಿ. ಸದ್ದಿನಲ್ಲೇ ತಿಳಿಯಬಹುದಿತ್ತು, ಆದರೆ ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಡಾಕ್ಟರ ಎಣಿಕೆ ಮುಗಿಯುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತಿಮ್ಮೇಶಣ್ಣ ನಿಂತಿದ್ದರು. ಬಿಳಿ ಅಂಗಿ, ತಲೆ ಬಾಚಿಕೊಂಡಿದ್ದರು, ಮದುವೆಗೆ ಹೊರಟವರ ಹಾಗೆ.

“ನೀವು ಬಂದು ಹೇಳೋದು ಬೇಡ” ಎಂದರು. “ಒಂದು ಸಲ ಹೇಳಿದ್ರಿ, ಆಮೇಲೆ ಅದಲ್ಲ ಅಂದ್ರಿ. ಈಗ ಏನು ಹೇಳಿದ್ರೂ ನಾನು ನಂಬೋನಲ್ಲ. ನಾನೇ ನೋಡ್ತೀನಿ.”

ರೋಗಿಗಳು ಆ ಕೋಣೆಗೆ ಬಂದದ್ದು ಅದುವರೆಗೆ ಇರಲಿಲ್ಲ. ಬರಬಾರದು ಎಂದೇನೂ ಇರಲಿಲ್ಲ, ಯಾರಿಗೂ ಹಾಗೆ ತೋಚಿರಲಿಲ್ಲ ಅಷ್ಟೆ. ಡಾಕ್ಟರ್ ಕುರ್ಚಿಯಿಂದ ಎದ್ದು ನನ್ನ ಕಡೆ ನೋಡಿದರು. ಬಾಗಿಲಿನಿಂದ ಬಂದ ಬೆಳಕಿನಲ್ಲಿ ಅವರ ಮುಖ ಕಂಡಿತು, ನನಗೆ ಉತ್ತರ ಗೊತ್ತಾಯಿತು.

“ಬನ್ನಿ ಅಣ್ಣ, ಕೂತ್ಕೊಳ್ಳಿ” ಎಂದೆ. ಬಾಗಿಲು ಮುಚ್ಚಿದೆ. ಹಸಿರು ದಾರದ ಸ್ಲೈಡನ್ನು ಡಾಕ್ಟರ್ ಇಟ್ಟರು. ತಿಮ್ಮೇಶಣ್ಣನ ಹಣೆಯನ್ನು ಮೆಲ್ಲಗೆ ಹಿಡಿದು ಕಣ್ಣನ್ನು ಸರಿಯಾದ ಜಾಗಕ್ಕೆ ತಂದೆ. ಅವರ ಹಣೆ ತಣ್ಣಗಿತ್ತು.

“ಅಬ್ಬಾ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಇದು ನಾನಾ?” ಎಂದರು.

“ನೀವೇ. ನೀಲಿ ಮಬ್ಬಿನ ಹಾಗೆ ದುಂಡಗೆ ಕಾಣುತ್ತಲ್ಲ, ಅದೊಂದೊಂದೂ ಒಂದು ಕೋಶ. ಒಳಗೆ ಚುಕ್ಕೆ ಕಾಣುತ್ತಾ?”

“ಕಾಣುತ್ತೆ. ಹಸಿರು ಎರಡಿದೆ.”

“ಕೆಂಪು?”

ಅವರು ತಡೆದರು. “ಒಂದು.”

“ಪಕ್ಕದ್ದು ನೋಡಿ.”

“ಹಸಿರು ಎರಡು. ಕೆಂಪು... ಒಂದು.” ಮತ್ತೆ, “ಇದರಲ್ಲಿ ಎರಡೆರಡಿದೆ! ಸರಿಯಾಗಿದೆ ಇದು!”

“ಹೌದು. ಕೆಲವು ಸರಿಯಾಗಿರುತ್ತವೆ.”

ನಾನು ತಿರುಪು ತಿರುಗಿಸಿ ಸ್ಲೈಡು ಸರಿಸುತ್ತಾ ಹೋದೆ, ಅವರು ಎಣಿಸುತ್ತಾ ಹೋದರು. ಮೊದಮೊದಲು ಅವಸರದಲ್ಲಿ, ಆಮೇಲೆ ನಿಧಾನವಾಗಿ. ಬರುಬರುತ್ತಾ ತಾಳಕ್ಕೆ ಎಣಿಸುವವರ ಹಾಗೆ ಬೆರಳಿನಿಂದ ಮೇಜಿನ ಅಂಚನ್ನು ತಟ್ಟತೊಡಗಿದರು. ಒಂದೇ ಕೆಂಪಿದ್ದರೆ ಒಂದು ತಟ್ಟು, ಎರಡಿದ್ದರೆ ಎರಡು. ಒಂದು, ಒಂದು, ಎರಡು, ಒಂದು, ಒಂದು, ಒಂದು. ಡಾಕ್ಟರ್ ಆ ತಟ್ಟುಗಳನ್ನು ಕೇಳಿಕೊಂಡು ಬೀಜ ಹಾಕಿದರು. ಅದೆಷ್ಟು ಹೊತ್ತಾಯಿತೋ. ನನ್ನ ಕಾಲು ಜೋಮು ಹಿಡಿದಿತ್ತು. ಎಪ್ಪತ್ತರ ಹತ್ತಿರ ಬಂದಾಗ ತಟ್ಟುವುದು ನಿಂತಿತು.

“ಸಾಕು” ಎಂದರು.

ಅವರು ಕಣ್ಣೆತ್ತಲಿಲ್ಲ. ಕಣ್ಣು ಅಲ್ಲೇ ಇಟ್ಟುಕೊಂಡು, “ಚಂದ ಇದೆಯಲ್ಲಮ್ಮ ಇದು. ಇಷ್ಟು ಚಂದ ಇರುತ್ತೆ ಅಂದ್ಕೊಂಡಿರಲಿಲ್ಲ” ಎಂದರು. ಆಮೇಲೆ ಅವರ ಬೆನ್ನು ಅಲುಗಿತು. ದಾರ ಅದಲುಬದಲಾಗಿರಲಿಲ್ಲ. ಆ ದಿನ ಮಂಕು ಬೆಳಕಿನಲ್ಲಿ ನನ್ನ ಕೈ ಸರಿಯಾದ ದಾರವನ್ನೇ ಎತ್ತಿಕೊಂಡಿತ್ತು. ಅದು ನನ್ನ ಜಾಣತನವಲ್ಲ, ಕಣ್ಣಿನ ಗುಣವೂ ಅಲ್ಲ. ಎರಡರಲ್ಲಿ ಒಂದನ್ನು ಎತ್ತಿದ್ದೆ, ಅದು ಸರಿಯಾಗಿತ್ತು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡು ದಿನದ ಮಟ್ಟಿಗೆ ಆ ಮನುಷ್ಯನಿಗೆ ಬದುಕು ಹಿಂದಿರುಗಿಸಿ, ಈಗ ಅವರ ಕೈಯಿಂದಲೇ ಕಿತ್ತುಕೊಂಡ ಹಾಗಾಗಿತ್ತು.

ತಿಮ್ಮೇಶಣ್ಣ ಎದ್ದು ಮುಖ ಒರೆಸಿಕೊಂಡರು. “ಪುಷ್ಪಂಗೆ ನಾನೇ ಹೇಳ್ತೀನಿ” ಎಂದರು. ಹೊರಗೆ ಬಂದು ವರಾಂಡದಲ್ಲಿ ಚಪ್ಪಲಿಯ ಹತ್ತಿರ ನಿಂತರು. ಕಾಲು ತೂರಿಸಲು ಹೋದವರು ಬಿಟ್ಟರು. ಬರಿಗಾಲಲ್ಲೇ ಗೇಟು ದಾಟಿ ಹೋದರು. ಬೀದಿಯ ಜನ ಅವರ ಕಾಲು ನೋಡಿ ಯಾರ ಮನೆಗೆ ಹೊರಟರೋ ಎಂದು ಬಾಗಿಲಲ್ಲಿ ನಿಂತರು. ಅವರು ತಮ್ಮದೇ ಮನೆಯೊಳಕ್ಕೆ ಹೋದ ಮೇಲೆ ಒಬ್ಬೊಬ್ಬರಾಗಿ ಒಳಗೆ ಸರಿದರು.

ನಾನು ನೀಲಿ ದಾರದ ಸ್ಲೈಡನ್ನೂ ಎಣಿಸಿ ನೋಡಿ, ಗುರುಶಾಂತಪ್ಪನವರ ಮನೆಗೆ ಹೋಗಿ, “ನಿಮ್ಮದು ಮೊದಲು ಹೇಳಿದ ಹಾಗೇ ಇದೆ, ಭಯ ಇಲ್ಲ” ಎಂದೆ. ಅವರು ಆಗ ರೇಗಿದರು. ಎರಡು ದಿನದ್ದೆಲ್ಲ ಸೇರಿಸಿ ರೇಗಿದರು. ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಿಜ ಹೇಳಬೇಕೆಂದರೆ, ಆ ವಾರದಲ್ಲಿ ನನ್ನ ಮನಸ್ಸಿಗೆ ಸ್ವಲ್ಪ ಹಗುರಾದದ್ದು ಆಗಲೇ.

ಗುರುವಾರ ಆಪರೇಷನ್ ಆಯಿತು. ಗ್ರಂಥಿಯಿಂದ ಹೊರಗೆ ಹರಡಿರಲಿಲ್ಲ. ಅದನ್ನು ಕಂಡವರು ಡಾಕ್ಟರ್, ಅವರೇ ಹೋಗಿ ಹೇಳಿದರು. ಅದೇ ತಿಂಗಳು ನನ್ನ ಎರಡು ಕಣ್ಣಿನ ಪೊರೆಯನ್ನೂ ತೆಗೆದರು. ಕೆಲಸದಿಂದ ತೆಗೆಯುತ್ತಾರೆಂದು ಕಾದಿದ್ದೆ. ಡಾಕ್ಟರ್ ಹಾಗೆ ಮಾಡಲಿಲ್ಲ. ಆದರೆ ಅಂದಿನಿಂದ ಯಾವ ಸ್ಲೈಡನ್ನೂ ನಾನೊಬ್ಬಳೇ ನೋಡುವ ಹಾಗಿಲ್ಲ, ದಾರಗಳನ್ನು ಹಗಲು ಬೆಳಕಿನಲ್ಲೇ ಕಟ್ಟಬೇಕು, ಎರಡು ಜನ ನೋಡಬೇಕು. ಕೆಲವು ರೋಗಿಗಳು ತಾವೇ ನೋಡುತ್ತೇವೆಂದು ಬರಲು ಶುರುಮಾಡಿದರು. ಹೆಚ್ಚಿನವರು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಗುತ್ತಾರೆ. ಅವರಿಗೆ ನಾನು ಮೊದಲಿನ ಹಾಗೇ ನಡೆದು ಹೋಗಿ ಹೇಳುತ್ತೇನೆ.

ತಿಮ್ಮೇಶಣ್ಣನ ಮನೆಯ ಕಡೆ ನಾನು ಹೋಗಲಿಲ್ಲ. ಪುಷ್ಪವಲ್ಲಿ ಸಂತೆಯಲ್ಲಿ ಎದುರಾದರೆ ಬೇರೆ ಸಾಲಿಗೆ ತಿರುಗುತ್ತಿದ್ದರು. ಐದು ತಿಂಗಳಾದ ಮೇಲೆ ಒಂದು ದಿನ ಅವರೇ ನನ್ನ ಮನೆಗೆ ಬಂದರು. ಒಳಗೆ ಬರಲಿಲ್ಲ. “ನಾಳೆ ನಮ್ಮ ಪಕ್ಕದ ಮನೆ ಮಗೂಗೆ ತೊಟ್ಟಿಲು ಶಾಸ್ತ್ರ. ಇವರು ಊದ್ತಾರಂತೆ. ಚೂಡಮ್ಮ ಬರ್ಲಿ ಅಂದ್ರು” ಎಂದಷ್ಟೇ ಹೇಳಿ ಹೋದರು.

ಹೋದೆ. ಅಂಗಳದಲ್ಲಿ ಚಾಪೆ ಹಾಸಿದ್ದರು. ತಿಮ್ಮೇಶಣ್ಣ ಸಣ್ಣಗಾಗಿದ್ದರು. ಕುರ್ಚಿಯ ಮೇಲೆ ನಾಲ್ಕು ಮಡಿಕೆ ಟವೆಲ್ ಹಾಸಿಕೊಂಡು ಕೂತಿದ್ದರು, ಮುಚ್ಚಿಡುವ ಪ್ರಯತ್ನವೇನೂ ಮಾಡಿರಲಿಲ್ಲ. ಡೋಲಿನವನು ಶುರುಮಾಡಿದ. ಅವರು ಊದಿದರು. ಮೊದಲ ಸ್ವರ ಒಡೆಯಿತು, ಎರಡನೆಯದು ನಿಂತಿತು. ಆಮೇಲೆ ಹಾಡು ತಾನಾಗೇ ಹೊರಟಿತು. ಮೊದಲಿನಷ್ಟು ದೊಡ್ಡದಲ್ಲ, ಆದರೆ ಅವರದೇ. ಅರ್ಧಕ್ಕೆ ಬಂದಾಗ, ಮೇಲಿನ ಸ್ವರಕ್ಕೆ ಒತ್ತಿ ಏರುವ ಜಾಗದಲ್ಲಿ, ಅವರು ಥಟ್ಟನೆ ನಿಲ್ಲಿಸಿದರು. ಪಂಚೆಯ ಮುಂಭಾಗ ಒದ್ದೆಯಾಗಿತ್ತು. ಯಾರೂ ಅತ್ತಿತ್ತ ನೋಡಲಿಲ್ಲ. ಪುಷ್ಪವಲ್ಲಿ ಎದ್ದು ಪಕ್ಕದ ತಮ್ಮ ಮನೆಯೊಳಕ್ಕೆ ಹೋದರು. ತಿಮ್ಮೇಶಣ್ಣ ವಾದ್ಯವನ್ನು ಕುರ್ಚಿಯ ಮೇಲೆ ಅಡ್ಡ ಇಟ್ಟು ಹೆಂಡತಿಯ ಹಿಂದೆಯೇ ಹೋದರು.

ಡೋಲಿನವನು ನಿಲ್ಲಿಸಲಿಲ್ಲ. ಸಣ್ಣಗೆ, ಬೆರಳ ತುದಿಯಲ್ಲಿ, ತಾಳ ಹಿಡಿದುಕೊಂಡೇ ಇದ್ದ. ಅಂಗಳದ ತುಂಬ ಜನ, ತೊಟ್ಟಿಲಲ್ಲಿ ಮಗು, ಎಲ್ಲರೂ ಕಾದೆವು. ನಾಲ್ಕೈದು ನಿಮಿಷ ಹಾಗೇ ಕಳೆಯಿತು. ತಿಮ್ಮೇಶಣ್ಣ ಬೇರೆ ಪಂಚೆ ಉಟ್ಟುಕೊಂಡು ಬಂದರು, ಕೂತರು, ಡೋಲನ್ನು ಒಂದು ಸುತ್ತು ಕೇಳಿಸಿಕೊಂಡರು, ಬಿಟ್ಟಿದ್ದ ಸ್ವರಕ್ಕೇ ಸರಿಯಾಗಿ ಬಂದು ಸೇರಿಕೊಂಡು ಮೇಲಕ್ಕೆ ಏರಿದರು.